ಮೂವತ್ತೊಂದನೆಯ ಮೈಲಿಯ ಶಿಲುಬೆ

ಸ್ಟೆನ್‌ರುಡ್, ಮೊಂಟಾನಾ
ಸೆಪ್ಟೆಂಬರ್ 1, 2013

ಮಾರಿಟ್,

ಫೋನು ಬೇಡ, ಕಾಗದ ಬರಿ ಅಂದೆ. ಫೋನಿನಲ್ಲಾದರೆ ನಾನು ಮಾತಾಡಿ ಮಾತಾಡಿ ನಿನ್ನನ್ನು ಒಪ್ಪಿಸಿಬಿಡುತ್ತೇನೆ, ಕಾಗದದಲ್ಲಿ ಸುಳ್ಳು ಬರೆದರೆ ಅದು ನಿನ್ನ ಡ್ರಾಯರಿನಲ್ಲಿ ಹಾಗೇ ಉಳಿಯುತ್ತದೆ ಎಂಬುದು ನಿನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ನನ್ನ ಮಗಳಲ್ಲವೇ.

ಕೋರ್ಟಿನ ವಿಷಯ. ಆಗಸ್ಟ್ ಒಂಬತ್ತರಂದು ಹರಾಜಿನಿಂದ ಬರುವಾಗ ಕುಡಿದು ಗಾಡಿಯನ್ನು ಹಳ್ಳಕ್ಕೆ ಇಳಿಸಿದ್ದು ನಿಜ ಎಂದು ಒಪ್ಪಿಕೊಂಡೆ. ನ್ಯಾಯಾಧೀಶೆ ನನ್ನನ್ನು ಮೂಗು ಸಿಂಡರಿಸದೆ ನೋಡಿದರು. ಇಪ್ಪತ್ತೆಂಟು ವರ್ಷದಿಂದ ಈ ಜಿಲ್ಲೆಯ ಮನೆಗಳ ಶೌಚದ ಗುಂಡಿ ಖಾಲಿ ಮಾಡುತ್ತಿರುವವನು ನಾನು, ಅವರ ಮನೆಯದೂ ಸೇರಿ, ಆದ್ದರಿಂದ ನಮ್ಮಿಬ್ಬರ ನಡುವೆ ಮುಚ್ಚುಮರೆ ಕಡಿಮೆ. ಲೈಸೆನ್ಸು ಅರ್ಧ ಉಳಿದಿದೆ: ಕೆಲಸಕ್ಕೆ ಮತ್ತು ತರಗತಿಗೆ ಮಾತ್ರ ಗಾಡಿ ಓಡಿಸಬಹುದು. ತರಗತಿ ಎಂದರೆ, ಕುಡಿದು ಓಡಿಸಿ ಸಿಕ್ಕಿಬಿದ್ದವರಿಗೆ ಬುದ್ಧಿ ಹೇಳುವ ಪಾಠ. ನಾಲ್ಕು ಜಾಗಗಳ ಪಟ್ಟಿ ಕೊಟ್ಟು, ಹತ್ತು ದಿನದಲ್ಲಿ ಒಂದನ್ನು ಆರಿಸಿಕೊಂಡು ಹೆಸರು ಬರೆಸಿ ಎಂದಿದ್ದಾರೆ.

ನಾನು ಹಳೆ ಲಾರಿ ಕೊಳ್ಳುವಾಗಲೂ ಇಷ್ಟು ಯೋಚಿಸಿದವನಲ್ಲ. ನಮ್ಮೂರ ಚರ್ಚಿನ ನೆಲಮಾಳಿಗೆಯಲ್ಲಿ ಒಂದಿದೆ, ಪಾದ್ರಿಯ ಹೆಂಡತಿ ಪಾಠ ಹೇಳುತ್ತಾಳೆ. ಅಲ್ಲಿಗೆ ಹೋದರೆ ಎಡಕ್ಕೆ ಬಲಕ್ಕೆ ನನ್ನ ಗಿರಾಕಿಗಳೇ. ಜಿಲ್ಲಾ ಪಟ್ಟಣದ ಹೋಟೆಲಿನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಒಂದೇ ಸಲ ಮುಗಿಸಿಬಿಡುವುದು ಇನ್ನೊಂದು, ಬೆಳಗಿನ ತಿಂಡಿ ಅವರದ್ದೇ. ಕಂಪ್ಯೂಟರಿನಲ್ಲಿ ಮನೆಯಲ್ಲೇ ಕೂತು ಮಾಡುವುದೂ ಉಂಟು. ಕೊನೆಯದು ನಲವತ್ತಾರು ಮೈಲಿ ಆಚೆ, ಕಾಲ್ವಿಕ್ ಎಂಬಲ್ಲಿ, ಮುಚ್ಚಿಹೋದ ಶಾಲೆಯೊಂದರಲ್ಲಿ, ಎಂಟು ಶನಿವಾರ. ಅದರ ಮುಂದೆ ಫೋನ್ ನಂಬರ್ ಕೂಡ ಇಲ್ಲ.

ಸರ್ಟಿಫಿಕೇಟು ತೋರಿಸಿದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟೆಸ್‌ಳನ್ನು ಕರೆದುಕೊಂಡು ಬರುತ್ತೇನೆ, ಇಲ್ಲದಿದ್ದರೆ ಇನ್ನು ಎಂದೂ ಇಲ್ಲ ಎಂದಿದ್ದೀಯ. ಒಪ್ಪಿದೆ. ಆದರೆ ಮೊಮ್ಮಗಳ ಏಳನೆಯ ಹುಟ್ಟುಹಬ್ಬಕ್ಕೆ ನಾನು ಕಳಿಸಿದ ಕಾರ್ಡನ್ನು ಲಕೋಟೆ ಕೂಡ ಒಡೆಯದೆ ವಾಪಸ್ ಕಳಿಸಿದ್ದು ಯಾವ ಕಾನೂನು? ಕುಡಿದವನು ನಾನು, ಕಾರ್ಡು ಅಲ್ಲ.

ಯಾವುದನ್ನು ಆರಿಸಲಿ, ಹೇಳು.

ನಿನ್ನ ಅಪ್ಪ
ಆರ್ಲೋ ಬ್ರೆಕ್ಕೆ


ಬಾಯ್ಸಿ
ಸೆಪ್ಟೆಂಬರ್ 6

ಅಪ್ಪಾ,

ಕಂಪ್ಯೂಟರಿನದ್ದು ಬೇಡ. ಅದನ್ನು ಗೋಡೆಗೆ ಪಾಠ ಹೇಳಲು ಬಿಟ್ಟು ನೀನು ಅಂಗಳದಲ್ಲಿ ಪಂಪು ಬಿಚ್ಚುತ್ತಾ ಕೂರುತ್ತೀಯ. ಉಳಿದ ಮೂರರಲ್ಲಿ ಯಾವುದಾದರೂ ಸರಿ. ಕಾಗದದ ಚೂರಿಗಾಗಿ ಮಾತ್ರ ಹೋಗಬೇಡ.

ಟೆಸ್ ಹೆಸರಿಗೆ ಏನನ್ನೂ ಕಳಿಸಬೇಡ. ಫೋನನ್ನೂ ಮಾಡಬೇಡ. ಕಾರಣ ಕೇಳಬೇಡ. ಸುಮ್ಮನೆ ಸತಾಯಿಸುತ್ತಿದ್ದೇನೆ ಅಂದುಕೊಂಡರೆ ಹಾಗೇ ಅಂದುಕೋ.

ಮಾರಿಟ್


ಸ್ಟೆನ್‌ರುಡ್
ಸೆಪ್ಟೆಂಬರ್ 15

ಮಾರಿಟ್,

ಕಾಲ್ವಿಕ್ ಶಾಲೆಯನ್ನು ಆರಿಸಿದೆ. ಹೇಗೆ ಎಂದು ಹೇಳುತ್ತೇನೆ.

ಕೋರ್ಟಿನ ಕಿಟಕಿಯ ಹಿಂದೆ ಇಪ್ಪತ್ತು ವರ್ಷದಿಂದ ಕೂತಿರುವ ಗುಮಾಸ್ತೆಯನ್ನು ಕೇಳಿದೆ, ಈ ನಾಲ್ಕರಲ್ಲಿ ಯಾವುದಕ್ಕೆ ಹೋದವರು ಮತ್ತೆ ನಿನ್ನ ಕಿಟಕಿಗೆ ಬರುವುದಿಲ್ಲ ಎಂದು. ಪಂಪು ಕೊಳ್ಳುವಾಗಲೂ ನಾನು ಕೇಳುವುದು ಬೆಲೆಯನ್ನಲ್ಲ, ರಿಪೇರಿಗೆ ಎಷ್ಟು ವಾಪಸ್ ಬಂದಿವೆ ಎಂದು. ಅವಳು ಪೆನ್ಸಿಲಿನ ತುದಿಯನ್ನು ನಾಲ್ಕನೆಯದರ ಮೇಲಿಟ್ಟಳು.

"ಇದಕ್ಕೆ ಹೋಗೋರೇ ಕಮ್ಮಿ. ಹೋದೋರು ಮಾತ್ರ ಮತ್ತೆ ಈ ಕಡೆ ತಲೆ ಹಾಕಿಲ್ಲ." ಆಮೇಲೆ ನನ್ನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ, "ನಿಮಗೆ ಇದು ಬೇಡ ಅನ್ಸುತ್ತೆ, ಆರ್ಲೋ," ಅಂದಳು. ಯಾಕೆ ಎಂದರೆ ಫೈಲು ಮುಚ್ಚಿ ಮುಂದಿನವನನ್ನು ಕರೆದಳು.

ಅವಳ ಮಾತಿಗೆ ಆರಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಅಲ್ಲಿಗೆ ನಮ್ಮೂರಿನವರು ಯಾರೂ ಹೋಗುವುದಿಲ್ಲ. ಅಷ್ಟೇ. ಊರಿನಲ್ಲಿ ಈಗ ಎಲ್ಲರೂ ನನ್ನೊಡನೆ ಒಂದು ಥರ ಇದ್ದಾರೆ. ಬಯ್ದರೆ ಅರ್ಥವಾಗುತ್ತಿತ್ತು, ಬಯ್ಯುವುದಿಲ್ಲ. ಬ್ಯಾಂಕಿನ ಹುಡುಗಿ ನೋಟು ಕೊಡುವಾಗ ನನ್ನ ಕೈಯನ್ನು ಮುಟ್ಟಿ ನೋಡಿದಳು, ಮಗುವಿನ ಹಾಲು ಬೆಚ್ಚಗಿದೆಯೇ ಎಂದು ನೋಡುವ ಹಾಗೆ. ಲೋರ್ನಾ ಆಸ್‌ಬಿ ಗೊತ್ತಲ್ಲ, ಚರ್ಚಿನ ಅಡುಗೆಮನೆಯ ಯಜಮಾನಿ; ಅವಳು ಕಾಫಿ ಅಂಗಡಿಯಲ್ಲಿ ನನ್ನೆದುರೇ ನಿಂತು ಪಕ್ಕದವಳಿಗೆ, "ಆರ್ಲೋಗೆ ಈ ರೂಬಾರ್ಬ್ ಪೈ ಅಂದ್ರೆ ತುಂಬ ಇಷ್ಟ ಇತ್ತು," ಅಂದಳು. ಇತ್ತು. ಈಗಲೂ ಇದೆ ಎಂದು ನಾನು ಎರಡು ತುಂಡು ತಿಂದು ತೋರಿಸಿದೆ. ಯಾರೂ ನಗಲಿಲ್ಲ.

ನಿನ್ನೆ ಮೊದಲ ತರಗತಿ. ಆರು ಜನ ಇದ್ದೇವೆ, ಹಲ್ಲಿನ ಡಾಕ್ಟರನೊಬ್ಬನೂ ಇದ್ದಾನೆ. ಮಕ್ಕಳ ಡೆಸ್ಕಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಪಾಠ ಹೇಳುವ ಮಿಸೆಸ್ ಕ್ವಾಮ್‌ಗೆ ಎಂಬತ್ತರ ಹತ್ತಿರ. ಆ ಶಾಲೆ ಮುಚ್ಚುವವರೆಗೂ ಅಲ್ಲಿಯೇ ಟೀಚರಾಗಿದ್ದವಳು. ಕುಡಿತ ಕೆಟ್ಟದ್ದು ಎಂದು ಹೇಳಲು ತನಗೆ ಸಂಬಳವಿಲ್ಲ, ಅದು ನಮಗೇ ಗೊತ್ತಿರುತ್ತದೆ ಎಂದಳು. ಕಾಫಿ ಪುಡಿಯ ಡಬ್ಬಿಯೊಂದನ್ನು ಮುಂದೆ ಹಿಡಿದು ಒಂದೊಂದು ಚೀಟಿ ಎತ್ತಿಸಿದಳು. ಚೀಟಿಯಲ್ಲಿ ಹೆದ್ದಾರಿಯ ಮೈಲಿಯ ಸಂಖ್ಯೆ. ರಸ್ತೆಯಲ್ಲಿ ಜನ ಸತ್ತ ಕಡೆ ಮಾಜಿ ಸೈನಿಕರ ಕ್ಲಬ್ಬಿನವರು ಕೆಂಪು ಕಂಬದ ಮೇಲೆ ಬಿಳಿ ತಗಡಿನ ಶಿಲುಬೆ ನೆಡುತ್ತಾರಲ್ಲ, ನೀನು ಚಿಕ್ಕವಳಿದ್ದಾಗ ಎಣಿಸುತ್ತಾ ಬರುತ್ತಿದ್ದೆ, ಅವು. ಹೆಸರಿರುವುದಿಲ್ಲ. ಚೀಟಿ ಬಂದವನು ಹಿಮ ಬೀಳುವ ಮೊದಲು ಆ ಶಿಲುಬೆಯ ತುಕ್ಕು ಕೆರೆದು ಬಣ್ಣ ಬಳಿಯಬೇಕು. ಅಲ್ಲಿ ಸತ್ತವರು ಯಾರು ಎಂದು ಪತ್ತೆ ಮಾಡಬೇಕು. ಸತ್ತವರ ಮನೆಯವರೊಬ್ಬರನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಕೊನೆಯ ಶನಿವಾರ ಎದ್ದು ನಿಂತು ಓದಬೇಕು. ಓದದಿದ್ದರೆ ಸರ್ಟಿಫಿಕೇಟು ಇಲ್ಲ.

ನನಗೆ ಬಂದದ್ದು ಮೂವತ್ತೊಂದು. ನಾನು ಗಾಡಿ ಇಳಿಸಿದ್ದೂ ಅಲ್ಲೇ, ಉಪ್ಪು ಕೆರೆಯ ತಿರುವಿನಲ್ಲಿ. ಆ ತಿರುವನ್ನು ಈಗ ನಾನು ಪಕ್ಕಕ್ಕೆ ನೋಡದೆ ದಾಟುತ್ತೇನೆ; ಅಲ್ಲಿ ಶಿಲುಬೆ ಇದ್ದದ್ದು ನನಗೆ ನೆನಪಿಲ್ಲ. ಬೇರೆ ಚೀಟಿ ಎತ್ತಲೇ ಎಂದೆ. ಮಿಸೆಸ್ ಕ್ವಾಮ್ ಡಬ್ಬಿಯ ಮುಚ್ಚಳ ಹಾಕಿ, "ಎತ್ತಿದ್ದು ನಿಮ್ಮ ಕೈ," ಅಂದಳು.

ನಿನ್ನ ಅಪ್ಪ


ಸ್ಟೆನ್‌ರುಡ್
ಸೆಪ್ಟೆಂಬರ್ 29

ಮಾರಿಟ್,

ನಿನ್ನಿಂದ ಉತ್ತರ ಬಂದಿಲ್ಲ. ಆದರೂ ಬರೆಯುತ್ತೇನೆ, ಇದನ್ನು ಇಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ.

ನಿನ್ನೆ ತರಗತಿಗೆ ಹೋಗುವ ದಾರಿಯಲ್ಲೇ ಮೂವತ್ತೊಂದರ ಬಳಿ ನಿಲ್ಲಿಸಿದೆ. ಹೊತ್ತಿಗೆ ಮೊದಲೇ ಹೊರಟಿದ್ದೆ. ಶಿಲುಬೆ ಇದೆ. ತುಕ್ಕು ಕೆರೆಯಲು ತಂತಿಯ ಬ್ರಷ್ಷು, ಸಲಕರಣೆ ಎಲ್ಲ ಒಯ್ದಿದ್ದೆ, ಕೆರೆಯಲು ಏನೂ ಇರಲಿಲ್ಲ. ಹೊಸ ತಗಡು, ಹೊಸ ಬಣ್ಣ, ಕಂಬದ ಬುಡದಲ್ಲಿ ಕಾಂಕ್ರೀಟು ಇನ್ನೂ ಬೆಳ್ಳಗಿದೆ. ಬಣ್ಣದ ಮೇಲೆ ಬಣ್ಣ ಬಳಿದೆ. ಹೇಳಿದ ಕೆಲಸ ಮಾಡಿದರೆ ಆಯಿತು.

ಕಂಬದಿಂದ ನಾಲ್ಕು ಹೆಜ್ಜೆ ಆಚೆ ಒಂದು ಕಡೆ ಹುಲ್ಲು ಬೆಳೆದಿಲ್ಲ. ಸುತ್ತಲೂ ಮೊಣಕಾಲಿನವರೆಗೆ ಇದೆ, ಅಲ್ಲಿ ಮಾತ್ರ ಸುಟ್ಟ ಹಾಗೆ ಹಳದಿ, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ. ನನಗೇನು ತಲೆಕೆಟ್ಟಿತ್ತೋ, ಅಳತೆ ಟೇಪು ತೆಗೆದು ಅಳೆದೆ. ಆರಡಿ ಒಂದಿಂಚು. ನನ್ನ ಎತ್ತರ ನಿನಗೆ ಗೊತ್ತು.

ಒಂದು ಕಾರು ನಿಂತಿತು. ಬೇರೆ ರಾಜ್ಯದ ನಂಬರು, ವಯಸ್ಸಾದ ಗಂಡ ಹೆಂಡತಿ. ಆಕೆ ಗಾಜು ಇಳಿಸಿ ಮೆಲ್ಲಗೆ, "ನಿಮ್ಮೋರಾ?" ಎಂದು ಕೇಳಿದಳು. "ಹೂಂ, ಹತ್ತಿರದವನೇ," ಅಂದೆ. ಯಾಕೆ ಹಾಗಂದೆನೋ. ಆಕೆ ಕೈ ಹೊರಗೆ ಚಾಚಿ ನನ್ನ ತೋಳು ಹಿಡಿದು, "ಪಾಪ, ಒಳ್ಳೆ ಮನುಷ್ಯ ಇದ್ದಿರ್ಬೇಕು," ಅಂದಳು.

ಅವರು ಹೋದ ಮೇಲೆ ಶಿಲುಬೆಯ ಹಿಂಬದಿಗೆ ಬಣ್ಣ ಬಳಿಯಲು ಹೋದೆ. ಹಿಂದೆ ಒಂದು ಟೋಪಿಯನ್ನು ತಂತಿಯಿಂದ ಕಟ್ಟಿದ್ದರು. ಸತ್ತವರ ವಸ್ತು ಸಿಕ್ಕರೆ ಹಾಗೆ ಕಟ್ಟುವುದು ಇಲ್ಲಿ ವಾಡಿಕೆ. ಹಸಿರು ಟೋಪಿ, ಬಿಸಿಲಿಗೆ ಮಂಕಾಗಿತ್ತು. ಮುಂದೆ 'ಬ್ರೆಕ್ಕೆ ಪಂಪಿಂಗ್' ಎಂದು ಹೊಲಿದಿತ್ತು. ಅಪಘಾತದ ದಿನ ಕಳೆದುಹೋಯಿತು ಎಂದು ನಾನು ಹುಡುಕುತ್ತಿದ್ದ ಟೋಪಿ.

ಬಿಚ್ಚಿಕೊಳ್ಳಲಿಲ್ಲ. ಸತ್ತವರದ್ದನ್ನು ಮುಟ್ಟಬಾರದು ಎಂದು ನೀನು ಚಿಕ್ಕವಳಿದ್ದಾಗ ನಾನೇ ಹೇಳಿಕೊಟ್ಟಿದ್ದೆ. ಕೈ ತಾನಾಗಿ ಹಿಂದೆ ಬಂತು.

ಜಿಲ್ಲಾ ಕಚೇರಿಯ ಪುಸ್ತಕದಲ್ಲಿ ಮೂವತ್ತೊಂದನೆಯ ಮೈಲಿಯಲ್ಲಿ ಯಾರೂ ಸತ್ತ ದಾಖಲೆಯಿಲ್ಲ. ಶುಕ್ರವಾರವೇ ಹೋಗಿ, ಆ ರಸ್ತೆ ಹಾಕಿದಾಗಿನಿಂದ ಇರುವುದನ್ನೆಲ್ಲ ನೋಡಿದ್ದೆ.

ಅಪ್ಪ


ಬಾಯ್ಸಿ
ಅಕ್ಟೋಬರ್ 4

ಅಪ್ಪಾ,

ಬೇರೆ ನಂಬರು ಕೊಡಿ ಎಂದು ಕೇಳು. ಕೊಡದಿದ್ದರೆ ಆ ತರಗತಿ ಬಿಟ್ಟು ಹೋಟೆಲಿನದ್ದಕ್ಕೆ ಸೇರಿಕೋ, ಇನ್ನೂ ಸಮಯವಿದೆ. ಅದರ ಸರ್ಟಿಫಿಕೇಟು ತೋರಿಸಿದರೂ ನಾನು ಒಪ್ಪುತ್ತೇನೆ.

ದಯವಿಟ್ಟು ಅಲ್ಲಿಗೆ ಮತ್ತೆ ಹೋಗಬೇಡ. ಯಾರನ್ನೂ ಕೇಳಬೇಡ.

ಮಾರಿಟ್


ಸ್ಟೆನ್‌ರುಡ್
ಅಕ್ಟೋಬರ್ 13

ಮಾರಿಟ್,

ನೀನು 'ದಯವಿಟ್ಟು' ಎಂಬ ಮಾತನ್ನು ನನಗೆ ಬರೆದು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿದೆ. ಸಿಗಲಿಲ್ಲ. ಆದ್ದರಿಂದಲೇ ಕೇಳಲು ಹೋದೆ.

ಕ್ಲಬ್ಬಿನಲ್ಲಿ ಶಿಲುಬೆಗೆ ಬೆಸುಗೆ ಹಾಕುವವನು ವರ್ನ್ ಟಾಲಿವರ್. ನನ್ನನ್ನು ಬಾಗಿಲಲ್ಲಿ ಕಂಡು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ಮೂವತ್ತೊಂದು ಯಾರದು ಎಂದೆ. ಕಪಾಟಿನಿಂದ ಒಂದು ನೋಟ್‌ಬುಕ್ ತಂದು ನನ್ನೆದುರು ಬಿಚ್ಚಿಟ್ಟ. ಅವನ ಅಡುಗೆಮನೆಯಲ್ಲಿ ಪೊಲೀಸರ ವೈರ್‌ಲೆಸ್ ಮಾತು ಕೇಳುವ ಡಬ್ಬಿ ಇದೆ. ಈ ಊರಲ್ಲಿ ಯಾರ ಅಡುಗೆಮನೆಯಲ್ಲಿ ತಾನೇ ಇಲ್ಲ? ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು ಅವನ ರೂಢಿ. ಆಗಸ್ಟ್ 9, ಸಂಜೆ 5.20, ಮೈಲಿ 31, ಒಬ್ಬ ಗಂಡಸು, ಬ್ರೆಕ್ಕೆ, ಸ್ಥಳದಲ್ಲೇ.

ಆಮೇಲೆ ಅವನು ಹೇಳಿದ್ದನ್ನು ಕೇಳು. ಹೊಸದಾಗಿ ಸೇರಿದ ಪೊಲೀಸಿನವನಿಗೆ ನನ್ನ ನಾಡಿ ಸಿಕ್ಕಿರಲಿಲ್ಲ. ಮೈ ತಣ್ಣಗಿತ್ತಂತೆ. ಟಾರ್ಪಾಲು ಹೊದಿಸಿ, ಸತ್ತಿದ್ದಾನೆ ಎಂದು ವೈರ್‌ಲೆಸ್ಸಿನಲ್ಲಿ ಹೇಳಿಬಿಟ್ಟ. ಆ ಬಿಸಿಲಿನಲ್ಲಿ ಕಪ್ಪು ಟಾರ್ಪಾಲಿನಡಿ ನಲವತ್ತು ನಿಮಿಷ ಮಲಗಿದ್ದೆ. ಆಮೇಲೂ ವಾರಗಟ್ಟಲೆ ಆ ಟಾರ್ಪಾಲು ಅಲ್ಲೇ ಬಿದ್ದಿತ್ತಂತೆ, ಹುಲ್ಲು ಬೆಂದದ್ದು ಹಾಗೆ. ಹೆಣ ನೋಡಲು ಬಂದ ಡಾಕ್ಟರು ಟಾರ್ಪಾಲು ಎತ್ತಿದಾಗ ಗೊರಕೆ ಹೊಡೆಯುತ್ತಿದ್ದೆನಂತೆ.

"ಮತ್ತೆ ಬದುಕಿದ್ದಾನೆ ಅಂತ ಅದೇ ಡಬ್ಬೀಲಿ ಹೇಳಲಿಲ್ವಾ?" ಎಂದೆ.

"ಹೇಳಿರ್ಬೇಕು. ಅಷ್ಟೊತ್ತಿಗೆ ಕೇಳೋಕೆ ಯಾರೂ ಇರ್ಲಿಲ್ಲ, ಆರ್ಲೋ. ಎಲ್ರೂ ನಿನ್ನ ತಿಥಿ ಅಡುಗೇಲಿದ್ರು."

ಲೋರ್ನಾಳ ಮನೆಗೆ ಹೋದೆ. ಅವಳು ಚರ್ಚಿನ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ದೊಡ್ಡ ಫ್ರೀಜರಿನ ಮುಚ್ಚಳ ಎತ್ತಿದಳು. ಹದಿನಾರು ಡಜನ್ ಹ್ಯಾಮ್ ಬನ್ನು. ಪೊಟ್ಟಣದ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಅವಳ ಅಂದದ ಕೈಬರಹ: 'ಆರ್ಲೋ ಬ್ರೆಕ್ಕೆ.' ಎಸೆಯುವ ಮನಸ್ಸಾಗಲಿಲ್ಲವಂತೆ, ಬೇರೆಯವರ ತಿಥಿಗೆ ಬಡಿಸುವುದೂ ಸರಿ ಕಾಣಲಿಲ್ಲವಂತೆ. ನಾನು ಆಸ್ಪತ್ರೆಯಿಂದ ಬಂದಾಗ ಯಾರು ಬಾಯಿ ಬಿಡುವುದು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೇಳುವುದು ಮರ್ಯಾದೆಯಲ್ಲ ಎಂದು ಎಲ್ಲರೂ ಸುಮ್ಮನಾದರು. ಬೆಸುಗೆಗೆ ಹೋದ ಶಿಲುಬೆಯನ್ನು ಬೇಡ ಎನ್ನುವುದು ಕೂಡ ಮರ್ಯಾದೆಯಲ್ಲವಾಯಿತು. ಎರಡು ತಿಂಗಳು ಈ ಊರು ನನ್ನನ್ನು ಸತ್ತವನೆಂದು ತಿಳಿದೂ ಬದುಕಿರುವವನಂತೆ ನಡೆಸಿಕೊಂಡಿದೆ. ಅಥವಾ ಅದು ಹಿಂದುಮುಂದಾಗಿರಬಹುದು, ನನಗೇ ಈಗ ಸರಿಯಾಗಿ ತಿಳಿಯುತ್ತಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ಗಡ್ಡ ಹೆರೆಯುವಾಗ ಉಸಿರು ಗಾಜಿಗೆ ತಾಗುತ್ತದೆಯೇ ಎಂದು ನೋಡುತ್ತೇನೆ.

ಹೊರಡುವಾಗ ಲೋರ್ನಾಳನ್ನು ಕೇಳಿದೆ, ಪ್ರಾರ್ಥನೆಗೆಂದು ಒಬ್ಬರು ಇನ್ನೊಬ್ಬರಿಗೆ ಫೋನು ಮಾಡುವ ನಿಮ್ಮ ಸರಪಳಿಯಲ್ಲಿ ಕೊನೆಯ ಫೋನು ಯಾರಿಗೆ ಹೋಯಿತು ಎಂದು. ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

ಮಾರಿಟ್, ನಿಯಮದ ಪ್ರಕಾರ ಸತ್ತವನ ಮನೆಯವರೊಬ್ಬರನ್ನು ನಾನು ಕೇಳಬೇಕು. ಸತ್ತವನಿಗೆ ಇರುವುದು ನೀನೊಬ್ಬಳೇ. ಆ ಸಂಜೆ ಏನಾಯಿತು? ನವೆಂಬರ್ ಎರಡಕ್ಕೆ ಓದಬೇಕು. ಹೋಟೆಲಿನ ಕ್ಲಾಸಿಗೆ ಈಗ ಹೋಗಲಾರೆ. ಬರೆಯದಿದ್ದರೆ ಸರ್ಟಿಫಿಕೇಟು ಇಲ್ಲ, ನೀನೂ ಬರುವುದಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಬರೆದರೆ ನಿಜ ಬರಿ.

ಅಪ್ಪ


ಬಾಯ್ಸಿ
ಅಕ್ಟೋಬರ್ 27

ಅಪ್ಪಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆ ಡಬ್ಬಿಗೆ ಹಾಕುತ್ತೇನೆ.

ಆ ಸಂಜೆ ಪಾಳಿ ಮುಗಿಸಿ, ನಾನು ಓಡಿಸುವ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿದ್ದೆ. ಲೋರ್ನಾ ಫೋನು ಮಾಡಿದಳು. "ಮಾರಿಟ್, ಕೂತ್ಕೋ ಮಗಳೇ," ಅಂದಳು. ಕೂತಿದ್ದೇನೆ, ನನ್ನ ಕೆಲಸವೇ ಅದು ಅಂದೆ. ಅವಳು ಹೇಳಿದಳು.

ಅಳು ಬರಲಿಲ್ಲ. ಎಂಜಿನ್ ಆಫ್ ಮಾಡಿದ ಮೇಲೆ ಬಸ್ಸಿನೊಳಗೆ ಒಂದು ಸದ್ದಿಲ್ಲದ ಹೊತ್ತು ಇರುತ್ತದಲ್ಲ, ಹಾಗಿತ್ತು. ಅಮ್ಮ ಹೋದ ಮೇಲೆ ಹನ್ನೊಂದು ವರ್ಷ, ಫೋನು ಬಡಿದುಕೊಂಡಾಗಲೆಲ್ಲ ಇದೇ ಇರಬಹುದು ಅಂದುಕೊಂಡು ಎತ್ತಿದವಳು ನಾನು. ಇನ್ನು ಬಡಿದುಕೊಳ್ಳುವುದಿಲ್ಲ ಅನ್ನಿಸಿತು. ಹಗುರವಾಯಿತು ಅಪ್ಪಾ. ನಿಜ ಬರಿ ಅಂದೆಯಲ್ಲ, ಇದೇ ನಿಜ.

ಮನೆಗೆ ಹೋಗಿ ಟೆಸ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ, ಅಜ್ಜ ಸತ್ತುಹೋದರು ಎಂದು. ಅವಳು ನಿನ್ನ ಲಾರಿಯ ಬಗ್ಗೆ ಕೇಳಿದಳು, ಅದು ಇನ್ನು ಒಂಟಿಯಾಗಿ ಇರುತ್ತಾ ಎಂದು. ಅತ್ತಳು. ಅತ್ತು ಮಲಗಿದಳು. ಊರಿಗೆ ಹನ್ನೊಂದು ಗಂಟೆಯ ದಾರಿ. ಅಂತ್ಯಕ್ರಿಯೆಗೆಂದು ಕಪ್ಪು ಬಟ್ಟೆ ಮಡಚುತ್ತಿದ್ದೆ. ಆಗ ಲೋರ್ನಾ ಮತ್ತೆ ಫೋನು ಮಾಡಿದಳು, ತಪ್ಪಾಯ್ತು, ಬದುಕಿದ್ದಾನೆ ಎಂದು. ಅವಳು ಖುಷಿಯಿಂದ ಅಳುತ್ತಿದ್ದಳು. ನಾನು ನೆಲದ ಮೇಲೆ ಕೂತೆ. ಖುಷಿಯಿಂದ ಅಲ್ಲ. ಮತ್ತೆ ಮೊದಲಿನಿಂದ ಕಾಯಬೇಕಲ್ಲ ಎಂದು.

ಬೆಳಿಗ್ಗೆ ಟೆಸ್‌ಗೆ ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಬದುಕಿದ್ದಾರೆ ಎಂದು ಹೇಳಿ, ಆರು ತಿಂಗಳಲ್ಲಿ ನೀನು ಇನ್ನೊಂದು ಹಳ್ಳಕ್ಕೆ ಇಳಿದರೆ, ಒಂದೇ ಮಗುವಿಗೆ ಅದೇ ಮಾತನ್ನು ಎರಡು ಸಲ ಹೇಳಲು ನನ್ನಿಂದಾಗದು. ಕಾರ್ಡು ವಾಪಸ್ ಕಳಿಸಿದ್ದು ಅದಕ್ಕೆ. ಸತ್ತವರು ಕಾರ್ಡು ಕಳಿಸುವುದಿಲ್ಲ.

ನೀನು ತರಗತಿ ಮುಗಿಸಿದರೆ ಹೇಳೋಣ, ಇಲ್ಲದಿದ್ದರೆ ಹೀಗೇ ಇರಲಿ ಎಂದು ತೀರ್ಮಾನಿಸಿದ್ದೆ. ಅವಳ ಮಟ್ಟಿಗೆ ನೀನು ಎರಡೂವರೆ ತಿಂಗಳಿಂದ ಇಲ್ಲ. ಕೆಲವೊಮ್ಮೆ ನಿನ್ನ ಕಾಗದ ಓದುವಾಗ ನಾನೂ ಲಕೋಟೆ ತಿರುಗಿಸಿ ಅಂಚೆ ಮುದ್ರೆ ನೋಡುತ್ತೇನೆ, ಇದು ಎಲ್ಲಿಂದ ಬರುತ್ತಿದೆ ಎಂದು.

ಬೇಕಾದರೆ ಓದು. ಬದಲಾಯಿಸಬೇಡ.

ಮಾರಿಟ್


ಸ್ಟೆನ್‌ರುಡ್
ನವೆಂಬರ್ 3

ಮಾರಿಟ್,

ಓದಿದೆ. ಒಂದಕ್ಷರ ಬದಲಾಯಿಸಲಿಲ್ಲ.

'ಹಗುರವಾಯಿತು' ಎಂಬಲ್ಲಿ ನಿಂತೆ. ಇಡೀ ಆಯುಷ್ಯ ಮಾತಿನ ಮೇಲೆ ಬದುಕಿದವನು, ಆ ಒಂದು ಪದವನ್ನು ಬಾಯಿಂದ ಹೊರಡಿಸಲು ಡೆಸ್ಕು ಹಿಡಿದುಕೊಂಡೆ. ಮಿಸೆಸ್ ಕ್ವಾಮ್ ಕಾದಳು. ಸಹಾಯ ಮಾಡಲಿಲ್ಲ. ಹಲ್ಲಿನ ಡಾಕ್ಟರು ಮುಖ ಮುಚ್ಚಿಕೊಂಡು ಕೂತಿದ್ದ, ಅವನಿಗೂ ಮಗಳಿದ್ದಾಳೆ. ಮುಗಿದ ಮೇಲೆ ಮಿಸೆಸ್ ಕ್ವಾಮ್ ನನ್ನ ಹೆಸರನ್ನು ಟೀಚರ್ ಕೈಬರಹದಲ್ಲಿ ನಿಧಾನವಾಗಿ ಬರೆದು ಸರ್ಟಿಫಿಕೇಟು ಕೊಟ್ಟಳು. ನನ್ನ ನಂಬರನ್ನು ಬೇಕೆಂದೇ ಎತ್ತಿಸಿದಿರಾ ಎಂದು ಕೇಳಿದೆ. ಚೀಟಿ ಬರೆಯುವವರು ಕ್ಲಬ್ಬಿನವರು, ತಾನು ಡಬ್ಬಿ ಹಿಡಿಯುವವಳು ಎಂದಳು. ಹಾಗಾದರೆ ಡಬ್ಬಿಯಲ್ಲಿ ಉಳಿದ ಚೀಟಿಗಳ ಮೇಲೆ ಯಾವ ನಂಬರಿದೆ ತೋರಿಸಿ ಅನ್ನಬಹುದಿತ್ತು. ಅನ್ನಲಿಲ್ಲ.

ವರ್ನ್ ಬಂದಿದ್ದ. ಶಿಲುಬೆ ಕಿತ್ತುಬಿಡಲೇ ಎಂದ. ನೆಟ್ಟದ್ದನ್ನು ಅವರು ಈವರೆಗೆ ಕಿತ್ತಿಲ್ಲ, ಕೀಳುವುದಕ್ಕೆ ಯಾವ ಕಾಗದ ಬೇಕೋ ಅವನಿಗೂ ತಿಳಿಯದು. ನನಗೂ ತಿಳಿಯದು ಎಂದೆ. ಅದು ನಿಂತಿದೆ.

ಸರ್ಟಿಫಿಕೇಟು ಇದರೊಳಗಿದೆ. ಇದನ್ನು ನೋಡಿಯೇ ನೀನು ತೀರ್ಮಾನ ಮಾಡುವುದಾದರೆ ಜೊತೆಗೆ ಇನ್ನೊಂದನ್ನೂ ನೋಡಬೇಕು. ನಿನ್ನ ಕಾಗದ ಬಂದ ದಿನ, ಓದಿದ ಮೇಲೆ, ಒಂದು ಗ್ಲಾಸು ಕುಡಿದೆ. ಎರಡನೆಯದನ್ನು ಸುರಿದುಕೊಂಡು ಸಿಂಕಿಗೆ ಚೆಲ್ಲಿದೆ. ಗಾಡಿಯ ಬೀಗದ ಕೈಯನ್ನು ಮೊದಲೇ ಲೋರ್ನಾಳ ಮನೆಯಲ್ಲಿ ಕೊಟ್ಟು ಬಂದಿದ್ದೆ. ಬರೆಯದಿದ್ದರೆ ನಿನಗೆ ಗೊತ್ತಾಗುತ್ತಿರಲಿಲ್ಲ.

ಟೆಸ್‌ಗೆ ನಾನು ಸತ್ತವನಾಗಿಯೇ ಇರುವುದು ಮೇಲು ಎಂದು ನಿನಗೆ ಕಂಡರೆ, ನಾನು ಆ ಕಡೆ ಬರುವುದಿಲ್ಲ. ಕಾರ್ಡನ್ನೂ ಕಳಿಸುವುದಿಲ್ಲ.

ಅಪ್ಪ


ಬಾಯ್ಸಿ
ನವೆಂಬರ್ 20

ಅಪ್ಪಾ,

ಸರ್ಟಿಫಿಕೇಟನ್ನು ಎರಡು ವಾರ ಮೇಜಿನ ಮೇಲಿಟ್ಟು ನೋಡಿದೆ. ಅದರಿಂದ ನನಗೇನೂ ಆಗಲಿಲ್ಲ. ಆ ಒಂದು ಗ್ಲಾಸಿನ ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಕುಡಿದದ್ದನ್ನು ನಾನು ಹಿಡಿಯುವ ಮೊದಲು ನೀನೇ ಹೇಳಿದ್ದು ಇದೇ ಮೊದಲ ಸಲ.

ಭಾನುವಾರ ಟೆಸ್‌ಗೆ ಹೇಳಿದೆ. ತಪ್ಪು ನನ್ನದು, ಅಜ್ಜನದ್ದಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಅವಳು ಅಳಲಿಲ್ಲ, ನಗಲೂ ಇಲ್ಲ. ಎದ್ದು ಹೋಗಿ ನಿನ್ನ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕಾಗದ ಬೇಕು ಎಂದಳು. ನಾನು ತಿದ್ದಿಲ್ಲ.

ಮಾರಿಟ್


ಅಜ್ಜಾ,

ನೀನು ಸತ್ತಿಲ್ಲ ಅಂತ ಅಮ್ಮ ಹೇಳಿದ್ಳು. ನಾನು ಸ್ಕೂಲಲ್ಲಿ ಎಲ್ರಿಗೂ ಸತ್ತಿದ್ದಾರೆ ಅಂತ ಹೇಳ್ಬಿಟ್ಟಿದ್ದೀನಿ. ಮಿಸ್ ನಿನ್ನ ಹೆಸರಲ್ಲಿ ಒಂದು ಗಿಡ ನೆಡ್ಸಿದ್ರು. ಅದು ಚೆನ್ನಾಗಿ ಬಂದಿದೆ, ಅದನ್ನ ಕೀಳಲ್ಲ.

ನೀನು ಮತ್ತೆ ಯಾವಾಗ ಸಾಯ್ತೀಯ? ಅಮ್ಮಂಗೆ ಗೊತ್ತಿಲ್ವಂತೆ. ನಿಂಗೆ ಗೊತ್ತಿದ್ರೆ ಬರೆದು ಕಳ್ಸು.

ಹಬ್ಬಕ್ಕೆ ಬುಧವಾರ ಬರ್ತೀವಿ. ಬಾಗಿಲು ನೀನೇ ತೆಗಿ. ಬೇರೆ ಯಾರೂ ತೆಗೀಬಾರ್ದು.

ಟೆಸ್